ಹನ್ನೊಂದನೇ ಪುಟದವರು

ಅವರು ನನಗೆ ಕಲಿಸಿದ ಮೊದಲ ದೊಡ್ಡ ಇಂಗ್ಲಿಷ್ ಪದ ‘ಅಬ್ಜೆಕ್ಷನ್’. ಹೂವಲ್ಲ, ಚಂದ್ರನಲ್ಲ, ನನ್ನ ಹೆಸರೂ ಅಲ್ಲ.

“ಆಕ್ಷೇಪಣೆ ಅಂತ,” ಅಂದರು. “ನಾವು ಒಪ್ಪಲ್ಲ ಅಂತ ಬರೆದು ಕೊಡೋದು.”

“ಯಾರಿಗೆ ಕೊಡಬೇಕು? ನಿಮಗಾ?”

ಕೇಳಿದ ಮೇಲೆ ಕಿವಿ ಬಿಸಿಯಾಯಿತು. ನಾನು ಹಾಗೆಲ್ಲ ಮಾತಾಡುವವಳೇ ಅಲ್ಲ. ಅವರು ನಗಲಿಲ್ಲ. ಪೆನ್ಸಿಲಿನ ಮೊನೆಯನ್ನೇ ನೋಡುತ್ತ, “ಇನ್ನೊಂದು ಸಲ ಓದಿ,” ಅಂದರು.

ನಮ್ಮದು ಊರಿನ ಒಂದೇ ಒಂದು ಇಂಗ್ಲಿಷ್ ಪತ್ರಿಕೆ. ಇಂಗ್ಲಿಷ್ ಮನೆಮಾತಾಗಿರುವವರು ಊರಲ್ಲಿ ಒಬ್ಬರೂ ಇಲ್ಲ. ಹೋಟೆಲಿನವರು, ಬ್ಯಾಂಕಿನವರು, ಪರದೇಶದಿಂದ ಬಂದವರು ಕೊಳ್ಳುತ್ತಾರೆ. ಇನ್ನು ಕೆಲವರು ಮನೆಗೆ ಬಂದವರ ಕಣ್ಣಿಗೆ ಬೀಳಲಿ ಎಂದು ಮೇಜಿನ ಮೇಲೆ ಹರಡುತ್ತಾರೆ. ಜಾಹೀರಾತು ಕೊಟ್ಟವರಿಗೆ ‘ನೋಡಿ, ನಿಮ್ಮದು ಅಚ್ಚಾಗಿದೆ’ ಎಂದು ತೋರಿಸಲು ಆ ತುಣುಕನ್ನು ಕತ್ತರಿಸಿ, ಬಿಳಿ ಹಾಳೆಗೆ ಅಂಟಿಸಿ, ಲಕೋಟೆಗೆ ಹಾಕುವುದು ನನ್ನ ಕೆಲಸ. ಪ್ರತಿ ತುಣುಕಿನ ಪಕ್ಕ ಪೆನ್ಸಿಲಿನಲ್ಲಿ ಒಂದು ನಂಬರ್ ಇರುತ್ತದೆ. ನಂಬರ್ ನೋಡಿದರೆ ಸಾಕು, ಓದಬೇಕಾಗಿಲ್ಲ. ಅಪ್ಪ ತೀರಿಕೊಂಡ ವರ್ಷ, ಏಳನೇ ಕ್ಲಾಸಿಗೆ ನಾನು ಶಾಲೆ ಬಿಟ್ಟಿದ್ದೆ. ಎ, ಬಿ, ಸಿ, ಡಿ ನೆನಪಿತ್ತು, ಅಷ್ಟೆ.

ಅವರು ಎದುರಿನ ಮೇಜು. ಹನ್ನೊಂದನೇ ಪುಟ ಜೋಡಿಸುತ್ತಿದ್ದರು. ಟೆಂಡರು, ಕೋರ್ಟಿನ ನೋಟಿಸು, ಜಮೀನಿನ ನೋಟಿಸು, ಎಲ್ಲವೂ ಇರುವೆ ಸಾಲಿನಂಥ ಅಕ್ಷರದಲ್ಲಿ ಆ ಪುಟಕ್ಕೇ ಹೋಗುತ್ತಿದ್ದವು. ಆಫೀಸಿನವರು ಅವರನ್ನು ‘ಹನ್ನೊಂದು’ ಎಂದೇ ಕರೆಯುತ್ತಿದ್ದರು. “ನಮ್ಮ ಹನ್ನೊಂದನೇ ಪುಟ ಅಂದ್ರೆ ಸ್ಮಶಾನ ಕಣಯ್ಯಾ. ಹೂತಿದ್ದು ಎದ್ದು ಬರಲ್ಲ,” ಎಂದು ಮ್ಯಾನೇಜರು ನಗುತ್ತಿದ್ದರು. ಯಾಕೆ ನಗುತ್ತಾರೋ ನನಗೆ ತಿಳಿಯುತ್ತಿರಲಿಲ್ಲ. ಎದುರು ಮೇಜಿನವರು ಮಾತ್ರ ಯಾವತ್ತೂ ಜೊತೆಗೆ ನಗುತ್ತಿರಲಿಲ್ಲ, ಅದನ್ನು ಗಮನಿಸಿದ್ದೆ.

ಅವರದ್ದು ಇನ್ನೂ ಬೇಕಾದಷ್ಟು ಗಮನಿಸಿದ್ದೆ. ಚಹದ ಲೋಟವನ್ನು ನನ್ನ ಹಾಳೆಗಳಿಂದ ದೂರ ಇಡುವುದು. ಅಂಗಿಯ ಎಡತೋಳಿನ ತುದಿಗೆ ಸದಾ ಶಾಯಿ. ನಾನು ತಲೆ ಎತ್ತಿದರೆ ಅವರು ತಗ್ಗಿಸುವುದು, ನಾನು ತಗ್ಗಿಸಿದಾಗ ನನ್ನ ಹಣೆಯ ಮೇಲೆ ಏನೋ ಬಂದು ಕೂತಂತಾಗುವುದು.

ಹೀಗೆ ಎರಡು ವರ್ಷ ಕಳೆದ ಮೇಲೆ, ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ ಕುರ್ಚಿ ಎಳೆದುಕೊಂಡು ಬಂದು, “ಕತ್ತರಿ ಮೇಡಂ, ಇಂಗ್ಲಿಷ್ ಓದೋದು ಕಲೀತೀರಾ?” ಎಂದು ಕೇಳಿದರು.

ಕತ್ತರಿ ಕೆಳಗಿಟ್ಟೆ. “ನನ್ನಂಥೋಳಿಗೆ ಬರುತ್ತಾ?”

“ಬರಲೇಬೇಕು,” ಅಂದರು. ಆಗ ಆ ‘ಲೇ’ ಎಷ್ಟು ಸಿಹಿಯಾಗಿ ಕೇಳಿಸಿತ್ತು!

ದಿನಾ ಅರ್ಧ ಗಂಟೆ. ಮೊದಲ ಪುಟದ ದಪ್ಪಕ್ಷರದಿಂದ ಶುರು. ಆಮೇಲೆ ಚಿಕ್ಕ ಅಕ್ಷರ, ಇನ್ನೂ ಚಿಕ್ಕ ಅಕ್ಷರ. ‘ನೋಟಿಸ್’, ‘ಅಬ್ಜೆಕ್ಷನ್’, ‘ಮೂವತ್ತು ದಿನದೊಳಗೆ’. ಇದೆಂಥ ಪ್ರೀತಿಯ ಪಾಠವಪ್ಪಾ ಎಂದು ನಗು ಬರುತ್ತಿತ್ತು. ಬೆರಳು ಸಾಲಿನ ಕೆಳಗೆ ಜಾರುವಾಗ ಅವರ ಬೆರಳು ನನ್ನದರಿಂದ ಒಂದು ಅಕ್ಷರದಷ್ಟು ದೂರ ಇರುತ್ತಿತ್ತು. ತಪ್ಪಿದರೆ ಬೈಯುತ್ತಿರಲಿಲ್ಲ, ಆದರೆ ಕಂಗೆಡುತ್ತಿದ್ದರು. “ಯಾಕಿಷ್ಟು ಅವಸರ? ನಾನೇನು ಓಡಿ ಹೋಗ್ತೀನಾ?” ಅಂದರೆ ಗೋಡೆಯ ಕ್ಯಾಲೆಂಡರ್ ಕಡೆ ನೋಡುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯ ಕಪಾಟು ಒರೆಸುತ್ತಿದ್ದೆ. ಆಫೀಸಿನಲ್ಲಿ ಉಳಿದ ಪತ್ರಿಕೆಗಳನ್ನು ನಾನು ಮನೆಗೆ ತರುತ್ತೇನೆ, ಅಮ್ಮ ಡಬ್ಬಗಳ ಕೆಳಗೆ ಹಾಸುತ್ತಾಳೆ. ಎಣ್ಣೆ ಡಬ್ಬ ಎತ್ತಿದೆ. ಕೆಳಗೆ ಹನ್ನೊಂದನೇ ಪುಟ. ಅಭ್ಯಾಸಬಲ, ಬೆರಳು ತಾನಾಗಿ ಸಾಲಿನ ಕೆಳಗೆ ಓಡಿತು. ಎಣ್ಣೆಯ ಕಲೆಯೊಳಗಿಂದ ನಮ್ಮ ಗಲ್ಲಿಯ ಹೆಸರು ಎದ್ದು ಬಂತು. ಗಲ್ಲಿಯ ಬಾಯಲ್ಲಿರುವ ನೀಲಿ ಬೋರ್ಡಿನ ಮೇಲೆ ಇರುವಂತೆಯೇ.

ಹನ್ನೆರಡು ಮನೆ. ನಂಬರ್ ಒಂದರಿಂದ ಹನ್ನೆರಡು. ಜಾಗ ಒಂದು ಕಂಪನಿಗೆ ಹೋಗುತ್ತದೆ, ಮನೆ ಕೆಡವುತ್ತಾರೆ. ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಬರೆದು ಕೊಡಬೇಕು. ಕೊಡದಿದ್ದರೆ ಒಪ್ಪಿದ ಹಾಗೆ.

ಗೊತ್ತಿಲ್ಲದ ಪದಗಳಿದ್ದವು. ಆದರೆ ಬೇಕಾದ ಪದಗಳೆಲ್ಲ ಗೊತ್ತಿದ್ದವು. ಅವನ್ನೇ ಅಲ್ಲವೇ ಅವರು ಕಲಿಸಿದ್ದು?

“ಏನೇ, ಡಬ್ಬ ಹಿಡ್ಕೊಂಡು ಕಂಬದ ಹಾಗೆ ನಿಂತೆ?” ಹೊಲಿಗೆ ಯಂತ್ರದ ಮುಂದಿನಿಂದ ಅಮ್ಮ ಕೇಳಿದಳು. ನಾನು ಪತ್ರಿಕೆಯ ತಾರೀಕು ನೋಡಿದೆ. ಅಚ್ಚಾಗಿ ಇಪ್ಪತ್ತಾರು ದಿನವಾಗಿತ್ತು. ಮೊದಲ ಪಾಠಕ್ಕೆ ಇಪ್ಪತ್ತೈದು. ಅಚ್ಚಾದ ಮಾರನೇ ದಿನ ನಮ್ಮ ಮನೆಯ ನೋಟಿಸನ್ನು ನಾನೇ ಕತ್ತರಿಸಿ, ಅಂಟು ಹಚ್ಚಿ, ಕಂಪನಿಗೆ ಕಳಿಸಿದ್ದೆ. ಅದೇ ಮಧ್ಯಾಹ್ನ ಅವರು ಕುರ್ಚಿ ಎಳೆದುಕೊಂಡು ಬಂದಿದ್ದರು.

ಸೋಮವಾರ ಆ ಎಣ್ಣೆ ಹಾಳೆಯನ್ನು ಅವರ ಮೇಜಿನ ಮೇಲೆ ಇಟ್ಟೆ.

“ನಮ್ಮ ಗಲ್ಲಿ ಅಂತ ಗೊತ್ತಿತ್ತಾ?”

“ಗೊತ್ತಿತ್ತು. ಹೋದ ವರ್ಷ ನೀವು ನಾಲ್ಕು ದಿನ ಬರಲಿಲ್ಲ. ಹುಷಾರಿಲ್ವೇನೋ ಅಂತ ರಿಜಿಸ್ಟರಲ್ಲಿ ನಿಮ್ಮ ವಿಳಾಸ ನೋಡ್ಕೊಂಡೆ. ಬಂದು ವಿಚಾರಿಸೋಕೆ ಧೈರ್ಯ ಸಾಲಲಿಲ್ಲ.”

“ನಿಮಗೆ ಯಾವುದಕ್ಕೂ ಸಾಲಲ್ಲ.”

ಅವರು ತಲೆ ತಗ್ಗಿಸಿದರು.

“ಇಷ್ಟು ದಿನ ಪಕ್ಕದಲ್ಲೇ ಕೂತು ಅಕ್ಷರ ತಿದ್ದಿಸಿದ್ರಲ್ಲ, ಬಾಯಿ ಬಿಟ್ಟು ಒಂದು ಮಾತು ಹೇಳೋಕಾಗಲಿಲ್ವಾ?”

“ಆ ಕಂಪನಿ ನಮ್ಮ ಮ್ಯಾನೇಜರ್ ಭಾವನದು. ಹೇಳಿದ್ದು ಯಾರು ಅಂತ ಕೇಳ್ತಾರೆ, ಕೆಲಸ ಹೋಗುತ್ತೆ. ನೀವೇ ಓದಿಕೊಂಡ್ರೆ ಯಾರೂ ಹೇಳಿದ ಹಾಗಾಗಲ್ಲ ಅಂದ್ಕೊಂಡೆ.”

“ನಾನು ದಡ್ಡಿ ಆಗಿದ್ದಿದ್ರೆ?”

“ಇಪ್ಪತ್ತೊಂಬತ್ತನೇ ದಿನ ಹೇಳ್ತಿದ್ದೆ.”

“ನಿಜವಾಗ್ಲೂ?”

“ಗೊತ್ತಿಲ್ಲ,” ಅಂದರು.

ಸುಳ್ಳು ಹೇಳುವವರಾಗಿದ್ದರೆ ‘ಹೌದು’ ಅಂದುಬಿಡುತ್ತಿದ್ದರು. ಆದರೂ ಆ ‘ಗೊತ್ತಿಲ್ಲ’ ಮುಳ್ಳಿನ ಹಾಗೆ ಒಳಗೇ ಮುರಿಯಿತು. ಮನೆ ಹೋಗುವ ಭಯ ಒಂದು ಕಡೆ. ಇಷ್ಟೂ ಮಧ್ಯಾಹ್ನಗಳು ನನಗಾಗಿಯೋ, ಅವರ ಮನಸ್ಸು ಕುಟುಕುತ್ತಿದ್ದುದಕ್ಕಾಗಿಯೋ ಎನ್ನುವುದು ಇನ್ನೊಂದು ಕಡೆ. ಹಾಳೆ ಎತ್ತಿಕೊಂಡು ನನ್ನ ಜಾಗಕ್ಕೆ ಬಂದು ಕೂತೆ. ಆ ದಿನ ಮೂರು ತುಣುಕು ಓರೆಯಾಗಿ ಕತ್ತರಿಸಿದೆ.

ಸಂಜೆ ಗಲ್ಲಿಯವರನ್ನೆಲ್ಲ ಸೇರಿಸಿ, ನೋಟಿಸಿನ ವಿಷಯ ಹೇಳಲು ಶುರುಮಾಡಿದೆ. ಯಾರೂ ನಂಬಲಿಲ್ಲ. “ಇವಳಿಗೆ ಯಾವಾಗ ಇಂಗ್ಲಿಷ್ ಬಂತು?” ಎಂದು ಯಾರೋ ನಕ್ಕರು. ಅಷ್ಟರಲ್ಲಿ ನೀಲಿ ಬೋರ್ಡಿನ ಕೆಳಗೆ ಅವರು ನಿಂತಿದ್ದರು. ನಾನು ಕರೆದಿರಲಿಲ್ಲ.

ಹಾಳೆ ಇಸಿದುಕೊಂಡು, ಒಂದೊಂದೇ ಸಾಲನ್ನು ನಮ್ಮ ಭಾಷೆಯಲ್ಲಿ ಜೋರಾಗಿ ಓದಿದರು.

“ಇಷ್ಟು ಚೆನ್ನಾಗಿ ಓದೋರು ಇಷ್ಟು ದಿನ ಎಲ್ಲಿದ್ರಪ್ಪಾ?” ಎದುರು ಮನೆಯ ಕೊಡೆ ರಿಪೇರಿ ಮಾಮ ಚುಚ್ಚಿದರು.

“ಇವರ ಎದುರು ಮೇಜಲ್ಲೇ ಇದ್ದೆ,” ಅಂದರು. “ಹೇಳಬೇಕಿತ್ತು. ಹೇಳಲಿಲ್ಲ. ತಪ್ಪಾಯ್ತು.”

ಹನ್ನೆರಡು ಮನೆಗೂ ಹನ್ನೆರಡು ಅರ್ಜಿ ಬರೆದರು. ಇಂಗ್ಲಿಷ್ ಬಾರದವರು ಸಹಿ ಹಾಕಿದರೆ, ಅದನ್ನು ಓದಿ ವಿವರಿಸಿದವರು ಯಾರೆಂದು ಕೆಳಗೆ ಹೆಸರು, ಸಹಿ ಇರಬೇಕಂತೆ. ಆ ಜಾಗ ಬಂದಾಗ ಅವರ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ತಮ್ಮ ಹೆಸರನ್ನು ಬರೆದರು, ಹನ್ನೆರಡು ಸಲ.

ಅಮ್ಮ ನನ್ನ ಮೊಣಕೈ ತಿವಿದಳು. “ಎಷ್ಟು ಹೊತ್ತಿಂದ ನಿಂತ್ಕೊಂಡೇ ಬರೀತಿದಾನೆ. ಸ್ಟೂಲ್ ಕೊಡಬಾರದೇನೇ? ಕಲ್ಲಾಗಬೇಡ.”

ಮಂಗಳವಾರ ಅರ್ಜಿಗಳು ಸರ್ಕಾರಿ ಕಚೇರಿಗೆ ಸೇರಿದವು. ಶುಕ್ರವಾರ ಅವರ ಕೆಲಸ ಹೋಯಿತು. ವಿಚಾರಣೆಗೆ ಎರಡು ತಿಂಗಳ ನಂತರದ ತಾರೀಕು ಸಿಕ್ಕಿತು. ಅಲ್ಲಿಯವರೆಗೆ ಮನೆಗಳನ್ನು ಯಾರೂ ಮುಟ್ಟುವಂತಿಲ್ಲ. ಆಮೇಲೆ ಏನೋ, ಯಾರಿಗೂ ತಿಳಿಯದು.

ಶನಿವಾರ ಆಫೀಸು ಬಿಟ್ಟಾಗ ಬಸ್‌ಸ್ಟಾಪಿನಲ್ಲಿ ನಿಂತಿದ್ದರು, ಕಂಕುಳಲ್ಲಿ ಪತ್ರಿಕೆ.

“ಪಾಠ ಅರ್ಧಕ್ಕೇ ನಿಂತಿದೆ.”

“ನೀವು ತಪ್ಪಿಗೋಸ್ಕರ ಬರ್ತಿದೀರಾ, ನನಗೋಸ್ಕರ ಬರ್ತಿದೀರಾ, ನನಗೆ ಗೊತ್ತಾಗ್ತಿಲ್ಲ.”

“ಹೇಗೆ ಗೊತ್ತು ಮಾಡಲಿ?”

“ನಾಳೆ ಪೇಪರ್ ತರಬೇಡಿ. ಪೆನ್ಸಿಲೂ ಬೇಡ. ಏನೂ ಕಲಿಸಬೇಡಿ. ಸುಮ್ನೆ ಬನ್ನಿ.”

ಬಂದರು. ನಮ್ಮ ಮನೆಯ ಮೆಟ್ಟಿಲ ಮೇಲೆ, ನನ್ನಿಂದ ಒಂದು ಮೊಳ ದೂರ ಕೂತರು. ಖಾಲಿ ಕೈಗಳನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಮಂಡಿಯ ಮೇಲಿಟ್ಟರು, ತೆಗೆದರು, ಜೇಬಿಗೆ ಹಾಕಿದರು. ನಾನು ಸಹಾಯ ಮಾಡಲಿಲ್ಲ. ಒಳಗೆ ಅಮ್ಮನ ಯಂತ್ರ ಟಕಟಕ ಎನ್ನುತ್ತಿತ್ತು. ಮಾಮ ಕೊಡೆ ಕಡ್ಡಿ ತಿದ್ದುವ ನೆವದಲ್ಲಿ ಇತ್ತಲೇ ನೋಡುತ್ತಿದ್ದರು.

“ಭಯ ಆಗ್ತಿದೆ,” ಅಂದರು ಕೊನೆಗೆ.

“ಯಾವುದಕ್ಕೆ?”

“ನೀವು ಎದ್ದು ಹೋಗ್ತೀರೇನೋ ಅಂತ.”

“ಹೋಗೋದು ಬೇಡ ಅಂದ್ರೆ ಹೇಳಬೇಕಪ್ಪಾ. ನಾನೇ ಓದ್ಕೋಬೇಕಾ?”

ಅವರು ಉಸಿರೆಳೆದುಕೊಂಡರು. ಮುಖ ಕೆಂಪಾಯಿತು.

“ಹೋಗಬೇಡ! ನೀನಂದ್ರೆ ನನಗೆ ಪ್ರಾಣ!”

ಹನ್ನೆರಡು ಮನೆಗೂ ಕೇಳಿಸುವಷ್ಟು ಜೋರಾಗಿ ಅಂದುಬಿಟ್ಟರು. ಮಾಮನ ಕೈಯಿಂದ ಕೊಡೆ ಬಿತ್ತು. ಒಳಗೆ ಅಮ್ಮನ ಯಂತ್ರ ಗಕ್ಕನೆ ನಿಂತಿತು.

ನಾನು ಏಳಲಿಲ್ಲ.