ಅಣ್ಣನ ಸಹಿ ಇದ್ದ ಜಾಗ

“ಆ ಸೀಟಿಂದ ಎದ್ದೇಳು.”

ಬೆನ್ನ ಹಿಂದಿನ ದನಿಗೆ ಅವಳು ಬೆಚ್ಚಿದಳು. ಕಾಲೇಜು ವರ್ಕ್‌ಶಾಪಿನ ಮೂಲೆಯಲ್ಲಿ ಧೂಳು ಹಿಡಿದಿದ್ದ ಆ ರೇಸ್ ಕಾರಿನ ಸೀಟನ್ನು ಅವಳ ಅಣ್ಣನ ಬೆನ್ನಿನ ಅಚ್ಚು ತೆಗೆದೇ ಮಾಡಿದ್ದರು. ಎಡಭುಜ ತುಸು ತಗ್ಗು, ಅವನದು ಹಾಗೇ ಇತ್ತು. ಕೂತರೆ ಅವನೇ ಹಿಂದಿನಿಂದ ತಬ್ಬಿಕೊಂಡಂತೆ...

“ಇದು ನಮ್ಮಣ್ಣಂದು.”

ಹಿಂದೆ ನಿಂತಿದ್ದ ಹುಡುಗನ ಮುಖ ಬಿಳಿಚಿತು. “ಹಾಗಾದ್ರೆ ಕೂತಿರು,” ಎಂದವನೇ ಹೊರಟುಹೋದ.

ಅವನು ರೇಸ್ ಕಾರು ತಂಡದ ನಾಯಕ, ಅಣ್ಣನ ಪ್ರಾಣಸ್ನೇಹಿತ. ಒಂದನ್ನೇ ಮೂರು ಸಲ ಅಳೆಯುವ ಚಾಳಿಗೆ ಎಲ್ಲರೂ ಅವನನ್ನು ‘ಅಳತೆ’ ಎಂದೇ ಕರೆಯುತ್ತಿದ್ದರು.

ಹಿಂದಿನ ವರ್ಷ ಕಾರಿನ ಪರೀಕ್ಷಾ ಓಟದಲ್ಲಿ ಬ್ರೇಕ್ ಪೆಡಲ್ಲಿನ ಬೆಸುಗೆ ಕಿತ್ತುಹೋಗಿ ಅಣ್ಣ ತೀರಿಕೊಂಡಿದ್ದ. ಈಗ ಅವಳು ಅದೇ ಕಾಲೇಜು, ಅದೇ ತಂಡ ಸೇರಿ, ಹಟ ಹಿಡಿದು ಬ್ರೇಕಿನ ಕೆಲಸವನ್ನೇ ತೆಗೆದುಕೊಂಡಳು. ಅಮ್ಮ ಎರಡು ದಿನ ಮಾತು ಬಿಟ್ಟರು.

ಪೆಡಲ್ ಒತ್ತಿದಾಗಲೆಲ್ಲ ಅಣ್ಣನ ನಗು ಕೇಳಿಸುತ್ತಿತ್ತು. ಒಂದೇ ನಟ್ಟನ್ನು ಅವಳು ಮತ್ತೆ ಮತ್ತೆ ಬಿಗಿಯುವುದು ಅಳತೆಗೆ ಮಾತ್ರ ಕಾಣುತ್ತಿತ್ತು. ಏನೂ ಕೇಳದೆ ಟೀ ಲೋಟ ಅವಳತ್ತ ಸರಿಸುತ್ತಿದ್ದ. ಮೂರು ತಿಂಗಳಾಗುವಷ್ಟರಲ್ಲಿ, ಅವನು ಒಳಗೆ ಬಂದರೆ ತಿರುಗಿ ನೋಡದೆಯೂ ಅವಳಿಗೆ ಗೊತ್ತಾಗತೊಡಗಿತು. ಹುಚ್ಚು ಹುಡುಗಿ, ದುಃಖ ಹುಡುಕಿಕೊಂಡು ಬಂದವಳಿಗೆ ಇದೊಂದು ಬೇರೆ ಬೇಕಿತ್ತೇ?

ಸ್ಪರ್ಧೆಗೆ ಮೊದಲು ವಿನ್ಯಾಸ ಪರಿಶೀಲನೆ. ಕಾರಿನ ಪ್ರತಿ ಭಾಗಕ್ಕೆ ಯಾರು ಹೊಣೆ ಎಂದು ತೀರ್ಪುಗಾರರಿಗೆ ಹೇಳಬೇಕು. ಹಳೆಯ ಅಪಘಾತಕ್ಕೂ ಒಂದು ಪುಟ. ಪರಿಶೀಲನೆಯ ಹಿಂದಿನ ದಿನ ಬೆಳಿಗ್ಗೆ ಅಳತೆ ಬರೆದ ವರದಿ ತಿರುವುವಾಗ ಅವಳ ಕಣ್ಣು ಆ ಪುಟದಲ್ಲೇ ನಿಂತಿತು.

‘ಬೆಸುಗೆ ಪರೀಕ್ಷಿಸದೆ ಓಟಕ್ಕೆ ಒಪ್ಪಿಗೆ ಕೊಟ್ಟವರು’. ಎದುರಿಗೆ ಅಳತೆಯ ಸಹಿ.

“ನೀನೇನಾ?” ಎಂದು ಪುಟವನ್ನು ಅವನ ಮುಂದೆ ಹಿಡಿದಳು.

“ಬರೆದಿದ್ದೀನಲ್ಲ.”

“ದಿನಾ ನನ್ನ ಪಕ್ಕ ಕೂತು ಟೀ ಕುಡಿದೆಯಲ್ಲ... ಗಂಟಲಲ್ಲಿ ಹೇಗೆ ಇಳೀತೋ ನಿನಗೆ?”

ಅವನು ವರದಿಯನ್ನು ಅವಳ ಕೈಯಿಂದ ತೆಗೆದು ಮುಚ್ಚಿದ.

ಅಳುತ್ತ ಹೊರಗೆ ಬಂದವಳನ್ನು ವರ್ಕ್‌ಶಾಪಿನ ವೆಲ್ಡಿಂಗ್ ಮೇಸ್ತ್ರಿ ತಡೆದು ವಿಷಯ ಕೇಳಿದರು.

“ಅವನ್ಯಾಕಮ್ಮ ಒಪ್ಪಿಗೆ ಕೊಡ್ತಾನೆ? ಅವತ್ತು ಅವನು ಊರಲ್ಲೇ ಇರಲಿಲ್ಲ. ‘ನಾನು ಬಂದು ನೋಡೋವರೆಗೂ ಓಡಿಸ್ಬೇಡ’ ಅಂತ ಎರಡು ಸಲ ಫೋನ್ ಮಾಡಿದ್ದ. ‘ಅಳತೆ ಬರೋ ಹೊತ್ತಿಗೆ ಸೂರ್ಯ ಮುಳುಗುತ್ತೆ’ ಅಂತ ನಿಮ್ಮಣ್ಣ ನಕ್ಕುಬಿಟ್ಟ.”

ಮೇಸ್ತ್ರಿ ತಮ್ಮ ದಾಖಲೆ ಪುಸ್ತಕದಲ್ಲಿ ಆ ದಿನದ ಪುಟ ತೆರೆದರು. ಒಪ್ಪಿಗೆಯ ಜಾಗದಲ್ಲಿ ಬಾಲ ಉದ್ದ ಎಳೆದ ಸಹಿ. ಅಣ್ಣನದೇ.

ಅವಳು ಓಡಿ ವಾಪಸ್ ಬಂದಳು. “ಸುಳ್ಳು ಯಾಕೆ ಬರೆದೆ? ನಾಳೆ ನಿನ್ನನ್ನ ತಂಡದಿಂದಲೇ ತೆಗೀತಾರೆ.”

“ತೆಗೀಲಿ. ನನ್ನನ್ನ ಬೈಕೊಂಡು ನೀನು ಬದುಕಬಹುದು. ಅವನನ್ನ ಬೈಕೊಂಡು ಹೇಗೆ ಬದುಕ್ತೀಯ? ನಿಮ್ಮಮ್ಮ ಹೇಗೆ ಬದುಕ್ತಾರೆ?”

ಆ ರಾತ್ರಿ ಅವಳು ಅದನ್ನೇ ಯೋಚಿಸುತ್ತ ಹೊರಳಾಡಿದಳು. ‘ನಿಜ ಹೇಳಿದರೆ ಅಣ್ಣನನ್ನು ಇನ್ನೊಂದು ಸಲ ಕಳೆದುಕೊಂಡಂತೆ. ಹೇಳದಿದ್ದರೆ ಇವನನ್ನು...’

ಮರುದಿನ ತೀರ್ಪುಗಾರರು ಅದೇ ಪುಟ ತೆರೆದರು. “ಒಪ್ಪಿಗೆ ಕೊಟ್ಟವರು ಯಾರು?”

ಅಳತೆ ಎದ್ದ. ಅವನಿಗಿಂತ ಮೊದಲು ಅವಳು ಬಾಯಿ ತೆರೆದಳು.

“ಆ ಪುಟ ತಪ್ಪಾಗಿದೆ ಸರ್. ಒಪ್ಪಿಗೆ ಕೊಟ್ಟಿದ್ದು ನಮ್ಮಣ್ಣ, ವರ್ಕ್‌ಶಾಪ್ ದಾಖಲೇಲಿ ಅವನ ಸಹಿ ಇದೆ. ಅವನೇ ಓಡಿಸ್ದ. ಆತುರಪಟ್ಟ ಸರ್... ಸಂಜೆವರೆಗೆ ಕಾದಿದ್ರೆ ಇವತ್ತು ಇಲ್ಲಿರ್ತಿದ್ದ.”

ತೀರ್ಪುಗಾರರು ಆ ಸಾಲಿಗೆ ಗೀಟೆಳೆದರು.

“ಈ ವರ್ಷ ಯಾರು ಒಪ್ಪಿಗೆ ಕೊಡ್ತಾರೆ?”

“ಇಬ್ಬರು ಪರೀಕ್ಷಿಸಿ ಸಹಿ ಹಾಕ್ತೀವಿ. ಓಡಿಸೋರ ಸಹಿ ನಡೆಯಲ್ಲ.”

ಅವರು ಏನೋ ಬರೆದುಕೊಂಡು ಮುಂದಿನ ಪುಟ ತಿರುವಿದರು. ತಂಡ ಸ್ಪರ್ಧೆಯಲ್ಲಿ ಉಳಿಯಿತು, ಅಳತೆ ತಂಡದಲ್ಲಿ ಉಳಿದ.

ಅವಳು ಹೊರಗಿನ ಮೆಟ್ಟಿಲ ಮೇಲೆ ಬಂದು ಕೂತಳು. ಅಳತೆ ಪಕ್ಕದಲ್ಲಿ ಕೂತ.

“ಅಮ್ಮನಿಗೆ ನಾನೇ ಹೇಳ್ತೀನಿ,” ಎಂದಳು.

“ಅವನ ಮೇಲೆ ಸಿಟ್ಟು ಬರ್ತಿದೆಯಾ?”

“ತುಂಬಾ.”

“ನನಗೂ...” ಅವನ ದನಿ ಒಡೆಯಿತು. ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತ. “ಎರಡು ಸಲ ಹೇಳಿದ್ದೆ ಕಣೇ. ಕೇಳಲಿಲ್ಲ ಅವನು. ಇದನ್ನ ಯಾರ ಹತ್ರ ಹೇಳ್ಲಿ ನಾನು?”

ಅವಳು ಅವನ ಕೈ ಬಿಡಿಸಿ ತನ್ನ ಕೈಯಲ್ಲಿ ಹಿಡಿದಳು. “ನನ್ನ ಹತ್ರ ಹೇಳು. ಇನ್ಮೇಲೆ ಎಲ್ಲಾನೂ ನನ್ನ ಹತ್ರಾನೇ ಹೇಳು.”

“ಹೇಳೋದು ಇನ್ನೊಂದೂ ಇದೆ...”

“ಗೊತ್ತು,” ಎಂದಳು, ಅವನ ಭುಜಕ್ಕೆ ತಲೆಯಿಟ್ಟು. “ಆದ್ರೂ ಹೇಳು.”