ಅರವತ್ತಮೂರು ಬೆಳಗುಗಳ ಚಿತ್ರ

ಆ ಬೆಳಗ್ಗೆ ಕಡೂರಿನಲ್ಲಿ ಆಷಾಢದ ಗಾಳಿ ಎದ್ದಿತ್ತು. ಮಲೆನಾಡಿನ ಕಡೆಯಿಂದ ಬಂದ ಮೋಡಗಳು ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ ಇಲ್ಲಿ ನಿಲ್ಲದೆ ಹೊಸದುರ್ಗದ ಕಡೆಗೆ ಸಾಗುತ್ತಿದ್ದವು. ಒಂದು ಹನಿಯೂ ಬಿದ್ದಿರಲಿಲ್ಲ.

ಬಸ್ ಸ್ಟ್ಯಾಂಡಿನ ಎದುರು, ಮಹಡಿಯ ಮೇಲಿನ ತನ್ನ ಸ್ಟುಡಿಯೋದ ಕಿಟಕಿಯಿಂದ ಶಾಂಭವಿ ಎಂಟು ಹತ್ತಕ್ಕೆ ಸರಿಯಾಗಿ ಒಂದು ಫೋಟೋ ತೆಗೆದಳು. ಅರವತ್ತಮೂರನೆಯದು.

ಪಾಸ್‌ಪೋರ್ಟ್ ಫೋಟೋ, ಮದುವೆ ಆಲ್ಬಮ್ಮುಗಳಿಂದ ಅವಳ ಹೊಟ್ಟೆ ತುಂಬುತ್ತಿತ್ತು. ಇದು ಅವಳ ಪೂಜೆ. ಅದೇ ಕಿಟಕಿ, ಅದೇ ಹೊತ್ತು, ದಿನಕ್ಕೊಂದು ಚಿತ್ರ. ಎಲ್ಲವನ್ನೂ ಕಂಪ್ಯೂಟರಿನಲ್ಲಿ ಗಾಜಿನಂತೆ ತೆಳುವಾಗಿಸಿ ಒಂದರ ಮೇಲೊಂದು ಕೂರಿಸುತ್ತಿದ್ದಳು. ಆಗ ಓಡಾಡುವ ಜನ ಕರಗುತ್ತಿದ್ದರು. ಸೀರೆಗಳು ಬಣ್ಣದ ಹೊಗೆ, ಬಸ್ಸುಗಳು ಕೆಂಪು ಗೀರು. ನಿಂತದ್ದು ಮಾತ್ರ ಉಳಿಯುತ್ತಿತ್ತು: ಲೈಟ್ ಕಂಬ, ಹೂವಿನ ಗೂಡಂಗಡಿ.

ಅಂದು ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ, ಕಂಬದ ಪಕ್ಕದಲ್ಲಿ ಒಬ್ಬ ಮನುಷ್ಯನೂ ಉಳಿದಿದ್ದ.

ಪಕ್ಕದ ಟೈಲರಿಂಗ್ ಅಂಗಡಿಯ ಕಾಮಾಕ್ಷಮ್ಮ ಬಂದು ಬಗ್ಗಿ ನೋಡಿದರು. "ಇವ್ನಾ! ಓಂಕಾರೇಶ ಕಣೇ. ಅಜ್ಜಂಪುರದ ದನದ ಆಸ್ಪತ್ರೇಲಿ ಕಾಂಪೌಂಡರು. ಇನ್ನೂ ಮದ್ವೆ ಆಗಿಲ್ಲ. ಮುಖ ನೋಡು, ನೇರ ನಿನ್ ಕಿಟಕಿ ಕಡೆಗೇ ಐತೆ."

"ಎರಡು ತಿಂಗಳಿಂದ್ಲಾ?"

"ದನ ನೋಡ್ಕಳೋನಿಗೆ ತಾಳ್ಮೆ ಜಾಸ್ತಿ ಬಿಡು."

ಶಾಂಭವಿ ನಗಲಿಲ್ಲ. ಪ್ರಿಂಟ್ ತೆಗೆದುಕೊಂಡು ಮೆಟ್ಟಿಲಿಳಿದಳು. ಅವನಿನ್ನೂ ಕಂಬದ ಬಳಿಯೇ ಇದ್ದ.

"ಏನ್ರೀ, ದಿನಾ ನನ್ ಕಿಟಕಿ ನೋಡ್ಕೊಂಡು ನಿಂತಿರ್ತೀರಲ್ಲ, ನಾಚ್ಕೆ ಆಗಲ್ವಾ? ಸಾಕ್ಷಿ ಇದೆ, ನೋಡಿ. ಅರವತ್ಮೂರು ದಿನ, ಎಂಟು ಹತ್ತಕ್ಕೆ, ಒಂದೇ ಜಾಗ!"

ಓಂಕಾರೇಶ್ ಪ್ರಿಂಟನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. "ಚೆನ್ನಾಗ್ ಬಂದೈತೆ," ಅಂದ. "ಒಂದ್ ಕೇಳ್ಲಾ ಮೇಡಂ? ನಾನು ನೋಡಿದ್ದು ತಪ್ಪಾದ್ರೆ, ಹೇಳ್ದೆ ಕೇಳ್ದೆ ಅರವತ್ಮೂರು ದಿನ ನನ್ ಫೋಟೋ ತೆಗ್ದಿದ್ದು ಏನು?"

ಮೇಲಿನಿಂದ ಕಾಮಾಕ್ಷಮ್ಮನ ನಗು ಕೇಳಿಸಿತು.

"ನಾನು ನಿಮ್ ಕಟ್ಟಡದ ಹಿಂದಿನ ಶಿವನ ಗುಡಿ ಕಳಶ ನೋಡ್ತಿದ್ದೆ," ಅವನ ದನಿ ಮೆತ್ತಗಾಯಿತು. "ಬಸ್ ಬರೋಗಂಟ ಕೈ ಮುಗ್ಯೋಣ ಅಂತ. ನಿಮ್ಗೆ ಬೇಜಾರಾದ್ರೆ ಇನ್ಮೇಲೆ ನಿಲ್ಲಲ್ಲ ಬಿಡಿ." ಪ್ರಿಂಟನ್ನು ಅವಳ ಕೈಗಿತ್ತು ಬಸ್ ಹತ್ತಿದ.

ಮರುದಿನದಿಂದ ಅವನು ನಿಲ್ದಾಣದ ಸೂರಿನಡಿ, ಅವಳ ಕಿಟಕಿಗೆ ಬೆನ್ನು ಮಾಡಿ ನಿಂತ. ಹನ್ನೆರಡು ದಿನ ಹಾಗೆಯೇ. ಹೊಸ ಫೋಟೋ ಕೂರಿಸಿದಂತೆಲ್ಲ ಚಿತ್ರದೊಳಗಿನ ಅವನು ನೂಲಿನಷ್ಟು ನೂಲಿನಷ್ಟು ಮಾಸಿದ. ಆ ದಿನಗಳನ್ನು ಬಿಟ್ಟು ಚಿತ್ರ ಮುಗಿಸಬಹುದಿತ್ತು. ಅವಳಿಗೆ ಮನಸ್ಸು ಬರಲಿಲ್ಲ. ಬೆಳಗನ್ನು ಇದ್ದ ಹಾಗೆ ಇಡಬೇಕು.

"ದೇವ್ರಿಗೂ ಅವ್ನಿಗೂ ನಡುವೆ ಹೋಗಿ ನಿಂತ್ಬಿಟ್ಟಲ್ಲೇ," ಅಂದರು ಕಾಮಾಕ್ಷಮ್ಮ, ಸೂಜಿಗೆ ದಾರ ಪೋಣಿಸುತ್ತಾ.

ಶ್ರಾವಣದ ಮೊದಲ ಸೋಮವಾರ ಶಾಂಭವಿ ಎಂಟಕ್ಕೆ ಮೊದಲೇ ಕೆಳಗಿಳಿದು ಕಂಬದ ಪಕ್ಕ ನಿಂತಳು. ತಲೆಯೆತ್ತಿದಳು. ಮೊಬೈಲ್ ಟವರಿಗೂ ಕೋಚಿಂಗ್ ಕ್ಲಾಸಿನ ಬೋರ್ಡಿಗೂ ನಡುವಿನ ಸಂದಿಯಲ್ಲಿ ಕಳಶ ಹೊಳೆಯುತ್ತಿತ್ತು. ಒಂದು ಹೆಜ್ಜೆ ಅತ್ತಿತ್ತ ಸರಿದರೆ ಮಾಯ. ಕಣ್ಣನ್ನು ಒಂದು ಬೆರಳಷ್ಟು ಇಳಿಸಿದರೆ ಅವಳ ಕಿಟಕಿ.

ಓಂಕಾರೇಶ್ ಬಂದ. ಅವಳನ್ನು ಕಂಡು ಸೂರಿನ ಕಡೆಗೆ ತಿರುಗಿದ.

"ಬನ್ರೀ ಇಲ್ಲಿ. ಬೇರೆಲ್ಲಿಂದ್ಲೂ ಕಾಣ್ಸಲ್ಲ ಅಲ್ವಾ?"

"ಇಲ್ಲ."

"ಮತ್ತೆ ಇಷ್ಟು ದಿನ?"

"ಕಣ್ಮುಚ್ಚಿ ಕೈ ಮುಗ್ದೆ."

"ಕಳಶದ ಕೆಳಗೆ ನನ್ ಕಿಟಕೀನೂ ಕಾಣುತ್ತೆ."

ಅವನ ಕಿವಿ ಕೆಂಪಾಯಿತು. "ಹೋದ ವರ್ಷ ಪೂರ್ತಿ ಕಳಶಾನೇ ನೋಡ್ತಿದ್ದೆ."

"ಈ ವರ್ಷ?"

"ಈ ವರ್ಷ... ಕಳಶದಿಂದ ಶುರು ಮಾಡ್ತಿದ್ದೆ."

ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಹನ್ನೆರಡು ದಿನದಿಂದ ನಾನೂ ಕಿಟಕಿ ತೆಗೆದ್ರೆ ಮೊದ್ಲು ಈ ಕಂಬಾನೇ ನೋಡೋದು. ಕ್ಯಾಮೆರಾ ಆಮೇಲೆ. ತಪ್ಪಾಯ್ತು ಕಣ್ರೀ."

"ಎಂಟು ಹತ್ತಾಯ್ತು," ಅಂದ ಅವನು. "ಇವತ್ತಿನ ಫೋಟೋ?"

"ಹೋಗ್ಲಿ ಬಿಡಿ."

ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಓಂಕಾರೇಶ್ ಬಂದು ತನ್ನ ಜಾಗದಲ್ಲಿ ನಿಂತು ಕೈ ಮುಗಿದ.