ಇಳಿದರು, ಉಳಿದರು

“ಅಯ್ಯೋ, ಕಾಲು ತೆಗಿ ಅಜ್ಜಾ! ಪೋಪ್ ಮೇಲೆ ನಿಂತಿದ್ದೀಯ!”

ಅಜ್ಜ ಗಡಬಡಿಸಿ ಹಿಂದೆ ಸರಿದರು. ನೆಲದ ಮೇಲೆ ಹರಡಿದ್ದ ಚಾರ್ಟ್ ಪೇಪರಿನ ಮೂಲೆಯಲ್ಲಿ ಅವರ ಹೆಬ್ಬೆರಳಿನ ಗುರುತು ಮೂಡಿತ್ತು. ಬುಗುರಿ ಅದನ್ನು ಉಜ್ಜಿದಳು, ಊದಿದಳು, ಎದ್ದು ಹೋಗಿ ರಬ್ಬರ್ ತಂದಳು, ಮತ್ತೆ ಕೂತಳು. ಕೂತಲ್ಲಿ ಕೂರುವ ಹುಡುಗಿಯಲ್ಲ ಅವಳು. ಅದಕ್ಕೇ ಮನೆಯಲ್ಲೂ ಶಾಲೆಯಲ್ಲೂ ಬುಗುರಿ ಎಂಬ ಹೆಸರು ಅಂಟಿಕೊಂಡಿತ್ತು.

ನಾಳೆ ಪ್ರಾಜೆಕ್ಟ್ ತೋರಿಸಬೇಕು. ವಿಷಯ: ‘ಇಬ್ಬರು ನಾಯಕರು’. ಮಿಕ್ಕ ಮಕ್ಕಳಿಗೆ ರಾಜರು, ಸೇನಾಪತಿಗಳು ಸಿಕ್ಕಿದ್ದರು. ಬುಗುರಿ ಎತ್ತಿದ ಚೀಟಿಯಲ್ಲಿ ಇಬ್ಬರು ಪೋಪ್‌ಗಳಿದ್ದರು. ಪೋಪ್ ಎಂದರೆ ಪ್ರಪಂಚದ ಕ್ಯಾಥೊಲಿಕ್ ಕ್ರೈಸ್ತರಿಗೆಲ್ಲ ದೊಡ್ಡ ಗುರು. ಚಾರ್ಟಿನ ಎಡಗಡೆ ಎರಡನೇ ಜಾನ್ ಪಾಲ್, ಬಲಗಡೆ ಅವರ ನಂತರ ಬಂದ ಹದಿನಾರನೇ ಬೆನೆಡಿಕ್ಟ್.

“ಈ ಜಾನ್ ಪಾಲ್ ಚಿಕ್ಕವರಿದ್ದಾಗ ಫುಟ್‌ಬಾಲ್ ಗೋಲ್‌ಕೀಪರ್, ಅಜ್ಜಾ. ನಾಟಕ ಬೇರೆ ಆಡ್ತಿದ್ರಂತೆ. ಪೋಪ್ ಆದ್ಮೇಲೆ ಕಾಲಿಗೆ ಚಕ್ರ ಕಟ್ಕೊಂಡ ಹಾಗೆ ದೇಶ ದೇಶ ಸುತ್ತಿದ್ರು.”

“ನಿನ್ನ ಥರ ಅನ್ನು.”

“ಈ ಕಡೆಯವ್ರು ಅದಕ್ಕೆ ಉಲ್ಟಾ. ಪುಸ್ತಕ, ಪಿಯಾನೊ, ಬೆಕ್ಕು. ಇಷ್ಟಿದ್ರೆ ಸಾಕು.” ಬುಗುರಿ ಚಾರ್ಟನ್ನು ಅಜ್ಜನ ಕಡೆ ತಿರುಗಿಸಿದಳು. “ಫೋಟೋ ಕೆಳಗಿನ ದಪ್ಪ ಅಕ್ಷರ ಓದು. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಓದ್ಬೇಕು. ತಪ್ಪಿದ್ರೆ ಮಾರ್ಕ್ಸ್ ಕಟ್!”

ಅವಳ ಭಯಕ್ಕೆ ಕಾರಣವಿತ್ತು. ಹೋದ ತಿಂಗಳು ‘ಎರಡು ದಿನ ರಜೆ ಕೊಡಿ’ ಎಂದು ಬರೆಯಲು ಹೋಗಿ ‘ಎರಡು ದಿನ ಸಜೆ ಕೊಡಿ’ ಎಂದು ಬರೆದು ಇಡೀ ಕ್ಲಾಸನ್ನು ನಗಿಸಿದ್ದಳು.

ಅಜ್ಜ ಬಗ್ಗಿ, ಕನ್ನಡಕ ಮೇಲೆ ಕೆಳಗೆ ಮಾಡಿ, ಎಡಗಡೆ ಬೆರಳಿಟ್ಟರು. “ಇಳಿದರು.” ಬಲಗಡೆ ಬೆರಳಿಟ್ಟರು. “ಉಳಿದರು.”

ಅದಲು ಬದಲಾಗಿಹೋಯಿತೇ? ಕಾಯಿಲೆ ಬಿದ್ದರೂ ಕೊನೆಯ ಉಸಿರಿನವರೆಗೆ ಪೋಪ್ ಆಗಿಯೇ ಉಳಿದವರು ಜಾನ್ ಪಾಲ್. ಇನ್ನು ನನ್ನಲ್ಲಿ ಶಕ್ತಿ ಸಾಲದು ಎಂದು ತಾವಾಗಿಯೇ ಇಳಿದವರು ಬೆನೆಡಿಕ್ಟ್. ಅವಳು ಚಾರ್ಟಿನ ಮೇಲೆ ಬಿದ್ದು ನೋಡಿದಳು.

ಎಡಗಡೆ ‘ಉಳಿದರು’. ಬಲಗಡೆ ‘ಇಳಿದರು’. ಎರಡೂ ಸರಿಯಾಗಿಯೇ ಇದ್ದವು. ಒಂದೊಂದು ಅಕ್ಷರವೂ ಅವಳ ಅಂಗೈಯಷ್ಟು ದೊಡ್ಡದಿತ್ತು.

“ಚೆನ್ನಾಗಿದೆ, ಚೆನ್ನಾಗಿದೆ,” ಎನ್ನುತ್ತಾ ಅಜ್ಜ ಎದ್ದು ಹೋದರು. ಹೋಗುವಾಗ ಬಾಗಿಲ ಚೌಕಟ್ಟನ್ನು ಕೈಯಲ್ಲಿ ತಡಕಿದರು. ಬುಗುರಿಗೆ ಆಮೇಲೆ ಊಟ ಸೇರಲಿಲ್ಲ.

ಯಾಕೆಂದರೆ ಅಜ್ಜ ಸ್ಕೂಲ್ ವ್ಯಾನ್ ಡ್ರೈವರ್.

ಮರುದಿನ ಬೆಳಿಗ್ಗೆ ಮುಂದಿನ ಸೀಟಿನಲ್ಲಿ ಅವಳು ಮುಳ್ಳಿನ ಮೇಲೆ ಕೂತ ಹಾಗೆ ಕೂತಿದ್ದಳು. ಹಿಂದೆ ಹನ್ನೆರಡು ಮಕ್ಕಳು. ರಸ್ತೆಯ ಹಂಪ್ ಬಂತು. ವ್ಯಾನ್ ನಿಧಾನವಾಗಲೇ ಇಲ್ಲ. ಎಲ್ಲರೂ ಒಂದು ಗೇಣು ಮೇಲೆ ಹಾರಿ ಬಿದ್ದರು.

“ಅಜ್ಜಾ, ಇನ್ನೊಂದ್ಸಲ! ಇನ್ನೊಂದ್ಸಲ!” ಮಕ್ಕಳು ಕೇಕೆ ಹಾಕಿದರು. ಬುಗುರಿ ನಗಲಿಲ್ಲ.

ಸಿಗ್ನಲ್ ಹತ್ತಿರ ಬಂತು. “ಯಾವ ಬಣ್ಣ?” ಅಜ್ಜ ರಾಗವಾಗಿ ಕೇಳಿದರು.

“ಹಸಿರೂ!”

ಇದು ಕೆಲವು ತಿಂಗಳಿಂದ ನಡೆಯುತ್ತಿದ್ದ ಆಟ. ಬುಗುರಿಯೇ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು. ಇವತ್ತು ಅವಳು ಕೂಗಲಿಲ್ಲ, ಅಜ್ಜನ ಕಣ್ಣನ್ನೇ ನೋಡಿದಳು. ಇದು ಆಟವೇ ಆಗಿರಲಿಲ್ಲ ಎಂದು ಅವಳಿಗೆ ಈಗ ಹೊಳೆದಿತ್ತು.

ಅಮ್ಮನಿಗೆ ಹೇಳಿದರೆ? ಅಜ್ಜನ ವ್ಯಾನ್ ಹೋಗುತ್ತದೆ. ವ್ಯಾನ್ ಇಲ್ಲದ ಅಜ್ಜನನ್ನು ಅವಳು ಕಂಡೇ ಇರಲಿಲ್ಲ. ಹೇಳದಿದ್ದರೆ? ಹಿಂದಿನ ಸೀಟಿನಲ್ಲಿ ಪುಟಾಣಿಯೊಂದು ಕಿಟಕಿಗೆ ಮೂಗು ಒತ್ತಿಕೊಂಡು ಹಾಡುತ್ತಿತ್ತು. ವಿಷಯ ಬಿಸಿ ತುಪ್ಪವಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಕ್ಲಾಸಿನಲ್ಲಿ ಚಾರ್ಟ್ ತೂಗುಹಾಕಿದ್ದೇ ತಡ, ಎಲ್ಲದಕ್ಕೂ ವಾದ ಹೂಡುವ ‘ಲಾಯರ್’ ಎದ್ದು ನಿಂತ. “ಟೀಚರ್, ಉಳಿದವ್ರೇ ಗ್ರೇಟ್! ಇಳಿದವ್ರು ಸೋತ ಹಾಗೆ.”

“ಹೌದಾ? ಹೆಚ್ಚುಕಮ್ಮಿ ಆರುನೂರು ವರ್ಷ ಯಾವ ಪೋಪೂ ಮಾಡದ ಕೆಲಸ ಅದು. ಅದಕ್ಕೆ ಧೈರ್ಯ ಬೇಡ್ವಾ?”

“ಹಾಗಾದ್ರೆ ಉಳಿದವ್ರು ತಪ್ಪಾ?”

“ತಪ್ಪು ಅಂದ್ನಾ? ಅವರ ಕೈ ನಡುಗೋದನ್ನ ಇಡೀ ಪ್ರಪಂಚ ನೋಡ್ತು. ಅವರು ಬಚ್ಚಿಡಲಿಲ್ಲ. ಅದನ್ನ ನೋಡಿ ಎಷ್ಟೋ ರೋಗಿಗಳು ಧೈರ್ಯ ತಂದ್ಕೊಂಡ್ರು.”

ಬಚ್ಚಿಡಲಿಲ್ಲ. ಆ ಮಾತು ಬುಗುರಿಗೆ ಚುರುಕ್ ಎಂದಿತು.

“ಟೀಚರ್, ಬೆನೆಡಿಕ್ಟ್ ಅವರಿಗೆ ಇಳೀರಿ ಅಂತ ಹೇಳಿದ್ಯಾರು?” ಎಂದು ಕೇಳಿದಳು.

“ಯಾರೂ ಇಲ್ಲ. ತಾವೇ ಯೋಚಿಸಿ, ಪ್ರಾರ್ಥನೆ ಮಾಡಿ ತೀರ್ಮಾನಿಸಿದೆ ಅಂದ್ರು.”

“ಇಳಿದ ಮೇಲೆ ಎಲ್ಲಿಗೆ ಹೋದ್ರು?”

“ಸ್ವಲ್ಪ ದಿನ ಹೊರಗಿದ್ದು, ಪೋಪ್ ಇರೋ ವ್ಯಾಟಿಕನ್‌ಗೇ ವಾಪಸ್ ಬಂದ್ರು. ಅಲ್ಲೇ ಒಂದು ಮನೇಲಿ ಕೊನೇವರೆಗೂ ಇದ್ರು.” ಟೀಚರ್ ಚಾರ್ಟಿನ ತಳದಲ್ಲಿದ್ದ ಖಾಲಿ ಜಾಗ ತೋರಿಸಿದರು. “ನಿನಗೆ ಏನನ್ನಿಸ್ತು ಅಂತ ಬರೆದೇ ಇಲ್ವಲ್ಲ? ನಾಳೆ ಬರ್ಕೊಂಡು ಬಾ.”

ಸಂಜೆ ಒಬ್ಬೊಬ್ಬರೇ ಮಕ್ಕಳು ತಂತಮ್ಮ ಮನೆ ಮುಂದೆ ಇಳಿದುಹೋದರು. ವ್ಯಾನಿನಲ್ಲಿ ಅಜ್ಜ, ಮೊಮ್ಮಗಳು ಇಬ್ಬರೇ. ಕೊನೆಯ ಸಿಗ್ನಲ್ ಬಂತು.

“ಯಾವ ಬಣ್ಣ, ಬುಗುರಿ?”

“ಕೆಂಪು.” ವ್ಯಾನ್ ನಿಂತಿತು. ಅವಳು ಚಾರ್ಟಿನ ಸುರುಳಿಯನ್ನು ಎದೆಗೆ ಒತ್ತಿ ಹಿಡಿದಳು. “ಅಜ್ಜಾ, ನಿಂಗೆ ಕಾಣಿಸ್ತಿಲ್ವಾ?”

ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. “ಹಸಿರು,” ಎಂದಳು ಬುಗುರಿ ಮೆಲ್ಲಗೆ. ಅಜ್ಜ ಸಿಗ್ನಲ್ ದಾಟಿ, ರಸ್ತೆಯ ಪಕ್ಕಕ್ಕೆ ತಂದು ಎಂಜಿನ್ ಆರಿಸಿದರು.

“ಮೂವತ್ತು ವರ್ಷ. ಒಂದು ಮಗೂಗೂ ಮೊಣಕಾಲು ತರಚಿಲ್ಲ.”

“ಗೊತ್ತು ಅಜ್ಜಾ.”

“ಪೊರೆ ಬಂದಿದೆಯಂತೆ, ಎರಡೂ ಕಣ್ಣಿಗೆ. ಡಾಕ್ಟರ್ ಹೇಳಿ ಮೂರು ತಿಂಗಳಾಯ್ತು. ನಿಮ್ಮಮ್ಮನಿಗೆ ಗೊತ್ತಾದ್ರೆ ಕೀ ಕಿತ್ಕೋತಾಳೆ ಅಂತ ಸುಮ್ನಿದ್ದೆ.” ಅವರು ಅವಳ ಕಡೆ ತಿರುಗಿದರು. “ಹೇಳ್ಬಿಡ್ತೀಯಾ?”

ಬುಗುರಿಗೆ ಅಳು ಬಂತು. ಅಜ್ಜನ ಮೇಲೆ ಸಿಟ್ಟೂ ಬಂತು. “ನಾನು ಹೇಳಲ್ಲ. ನೀನೇ ಹೇಳು. ಇವತ್ತೇ ಹೇಳು.”

“ಇಳಿದು ನಾನೇನು ಮಾಡ್ಲಿ ಮಗಳೇ? ಮನೇಲಿ ಗೋಡೆ ನೋಡ್ಕೊಂಡು ಕೂರ್ಲಾ?”

“ಅವ್ರು ಎಲ್ಲೂ ಹೋಗ್ಲಿಲ್ಲ ಅಜ್ಜಾ,” ಎಂದಳು ಮೂಗು ಒರೆಸಿಕೊಳ್ಳುತ್ತಾ. “ಆ ಪೋಪ್. ಇಳಿದ್ರು, ಆದ್ರೆ ವಾಪಸ್ ಬಂದು ಅಲ್ಲೇ ಇದ್ರಂತೆ.”

ಅಜ್ಜ ಸ್ಟೀರಿಂಗನ್ನು ಒಮ್ಮೆ ಸವರಿದರು. ಕೀ ತೆಗೆದು ಜೇಬಿಗೆ ಹಾಕಿಕೊಂಡರು. ದಿನಾ ಹುಡುಗನ ಹಾಗೆ ಧುಮುಕುತ್ತಿದ್ದವರು ಇವತ್ತು ಬಾಗಿಲು ಹಿಡಿದು, ಒಂದು ಕಾಲು ಊರಿ, ಇನ್ನೊಂದು ಕಾಲು ಊರಿ ಇಳಿದರು. “ನಡಿ, ಎರಡೇ ಬೀದಿ. ವ್ಯಾನ್ ತರೋಕೆ ಚಿಕ್ಕಪ್ಪನ್ನ ಕಳಿಸೋಣ,” ಎಂದರು.

ಮನೆಗೆ ಹೋಗಿ ಅಜ್ಜ ಹೇಳಿಯೇಬಿಟ್ಟರು. ಅಮ್ಮ ಬೈದರು, ಅತ್ತರು, ಕಣ್ಣಾಸ್ಪತ್ರೆಗೆ ಫೋನ್ ಮಾಡಿದರು.

ಮರುದಿನ ಬೆಳಿಗ್ಗೆ ಸ್ಟೀರಿಂಗ್ ಹಿಂದೆ ಚಿಕ್ಕಪ್ಪ ಕೂತಿದ್ದರು. ಬುಗುರಿ ಮುಂದಿನ ಸೀಟು ಬಿಟ್ಟು ಹಿಂದೆ ಹತ್ತಿದಳು. ಅಲ್ಲಿ ಬಾಗಿಲ ಪಕ್ಕದ ಸೀಟಿನಲ್ಲಿ ಅಜ್ಜ! ಕಿಟಕಿಗೆ ಮೂಗು ಒತ್ತುವ ಪುಟಾಣಿ ತನ್ನ ಮನೆ ಮುಂದೆ ಹತ್ತಿದ್ದೇ ಅವರ ತೊಡೆ ಏರಿತು.

“ಬಾಗಿಲು ಹಾಕೋರು ಯಾರಾದ್ರೂ ಬೇಕಲ್ಲ,” ಎಂದರು ಅಜ್ಜ ಸ್ವಲ್ಪ ಬಿಗುಮಾನದಿಂದ.

ಸಿಗ್ನಲ್ ಬಂತು. ಅಜ್ಜ ರಾಗ ತೆಗೆದರು. “ಯಾವ ಬಣ್ಣ?”

“ಕೆಂಪೂ!” ಬುಗುರಿಯ ಕೂಗೇ ಎಲ್ಲರಿಗಿಂತ ಜೋರಾಗಿತ್ತು.

“ನಂಗೆ ಕಾಣಿಸ್ತಿದೆ ಮಹಾರಾಯ್ತಿ, ನನ್ನ ಕಿವಿ ಉಳಿಸು!” ಎಂದರು ಚಿಕ್ಕಪ್ಪ.

ವ್ಯಾನ್ ನಿಂತಿರುವಾಗಲೇ ಬುಗುರಿ ಚಾರ್ಟ್ ಬಿಡಿಸಿ, ಸ್ಕೆಚ್ ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿ ತೆಗೆದಳು. ತಳದ ಖಾಲಿ ಜಾಗ ಬಿಟ್ಟು, ಬಲಗಡೆಯ ‘ಇಳಿದರು’ ಎಂಬುದರ ಮುಂದೆ ಇನ್ನೊಂದು ಪದ ಸೇರಿಸಿದಳು: ‘ಉಳಿದರು’.

ಟೀಚರ್ ಇದನ್ನು ತಪ್ಪು ಅನ್ನಬಹುದು, ಲಾಯರ್ ನಗಬಹುದು. ಅವಳು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಎರಡು ಸಲ ಓದಿಕೊಂಡಳು. ತಪ್ಪಿರಲಿಲ್ಲ.